ಸಂಪಾದಕೀಯ: ಎರಡು ಕಾಂತಾರಗಳ ನಡುವೆ

ಬಂಧುಗಳೇ,

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಇಂದು ರಾತ್ರಿಯೇ ಅಚ್ಚಿಗೆ ಹೋಗಬೇಕು. ದೀಪಾವಳಿಯ ಬಗ್ಗೆ ಬರೆಯೋಣವೆಂದು ಕೂತರೆ ಮನಸ್ಸು ಅಲ್ಲಿಲ್ಲ. ದಸರಾ ಊಟದ ಸಾಲಿನಲ್ಲಿ ಶುರುವಾದ ವಾದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ನಡೆಯುತ್ತಲೇ ಇದೆ: 2022ರ ‘ಕಾಂತಾರ’ ಚಿತ್ರ ಹೆಚ್ಚೋ, 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಹೆಚ್ಚೋ? ಕುಂದಾಪುರದ ಸೀಮೆಯಲ್ಲಿ ಹುಟ್ಟಿದವಳು ನಾನು. ನನಗೆ ಮೊದಲನೆಯದೇ ಹೆಚ್ಚು.

ಹೊಸದನ್ನು ಹಗುರ ಮಾಡಿ ಹೇಳುತ್ತಿಲ್ಲ. ಕಥೆ ಕದಂಬರ ಕಾಲಕ್ಕೆ ಹೋಗುತ್ತದೆ. ಬಂದರು, ಅರಮನೆ, ಯುದ್ಧ ಎಲ್ಲವೂ ಇವೆ. ರಥದ ದೃಶ್ಯ ಬಂದಾಗ ನಾನೂ ಕುರ್ಚಿಯ ತುದಿಗೆ ಬಂದಿದ್ದೆ. ರುಕ್ಮಿಣಿ ವಸಂತ್ ಅವರ ಕನಕವತಿಗೆ ಇರುವ ತೂಕ ಹಿಂದಿನ ಲೀಲಾ ಪಾತ್ರಕ್ಕೆ ಇರಲಿಲ್ಲ. ಮೊದಲ ಚಿತ್ರದ ನಾಯಕ ಶಿವ ಲೀಲಾಳನ್ನು ಕೆಣಕುವ ರೀತಿಯೂ ನನಗೆ ಆಗಲೇ ಹಿಡಿಸಿರಲಿಲ್ಲ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ ಎರಡೂ ಚಿತ್ರಗಳಲ್ಲಿ ಮೈ ಜುಮ್ಮೆನಿಸುತ್ತವೆ.

ಆದರೆ ಥಿಯೇಟರಿನಿಂದ ಕಾರಿಗೆ ನಡೆಯುವಾಗ ಮಗ ಕೇಳಿದ: “ಅಮ್ಮಾ, ಇದ್ರಲ್ಲಿ ಶಿವನ ಮನೆ ತರ ಒಂದು ಮನೇನೇ ಇಲ್ಲ ಅಲ್ವಾ?” ಊರಿನಿಂದ ದೂರ, ಇಲ್ಲೇ ಹುಟ್ಟಿದ ಹುಡುಗ. ಅವನ ನೆನಪಿನಲ್ಲಿ ಉಳಿದಿದ್ದು ಗುಳಿಗ ದೈವದ ಆರ್ಭಟಕ್ಕಿಂತ ಹೆಚ್ಚಾಗಿ ಆ ಅಂಗಳ, ಮಾನಸಿ ಸುಧೀರ್ ಮಾಡಿದ ತಾಯಿ ಶಿವನನ್ನು ಬೈಯುವ ಪರಿ. ನಮ್ಮ ಅತ್ತೆ ಬೈಯುವುದು ಹಾಗೆಯೇ.

ನಾನು ಚಿಕ್ಕವಳಿದ್ದಾಗ ನಮ್ಮ ಅಮ್ಮಮ್ಮನ ಮನೆಯ ಹತ್ತಿರ ವರ್ಷಕ್ಕೊಮ್ಮೆ ಕೋಲ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬರುವ ರಾತ್ರಿಯ ಆರಾಧನೆ. ಸಂಜೆಯೇ ಗದ್ದೆಯಲ್ಲಿ ಚಪ್ಪರ ಎದ್ದಿರುತ್ತಿತ್ತು. ದೈವದ ವೇಷ ಕಟ್ಟುವವರು ಬೇರೆ ಯಾರೂ ಅಲ್ಲ, ವರ್ಷವಿಡೀ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರು. ಮಧ್ಯಾಹ್ನದ ಗಂಜಿಯನ್ನು ಜಗಲಿಯ ಕೆಳಗೆ ಕೂತೇ ಉಣ್ಣುತ್ತಿದ್ದರು. ಆ ರಾತ್ರಿ ಅವರು ಚಾಪೆಯ ಮೇಲೆ ಕೂತು ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಳ್ಳುವುದನ್ನು ನಾವು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಮೊದಲು ಹಣೆ, ಆಮೇಲೆ ಕೆನ್ನೆ, ಕಪ್ಪು ಗೆರೆ, ಬಿಳಿ ಚುಕ್ಕಿ. ಪಕ್ಕದಲ್ಲಿ ಹೆಂಗಸೊಬ್ಬರು ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಪಾಡ್ದನ, ಅಂದರೆ ದೈವದ ಕಥೆಯ ಹಾಡು, ಹೇಳುತ್ತಿದ್ದರು. ಅದು ತುಳು, ನಮ್ಮದು ಕುಂದಾಪ್ರ ಕನ್ನಡ, ಪೂರ್ತಿ ಅರ್ಥವಾಗುತ್ತಿರಲಿಲ್ಲ. ಸೊಂಟಕ್ಕೆ ತೆಂಗಿನ ಎಳೆ ಗರಿಯ ತಿರಿ, ಬೆನ್ನಿಗೆ ಪ್ರಭಾವಳಿಯಂಥ ಅಣಿ, ಕೊನೆಗೆ ಕಾಲಿಗೆ ಗಲಗಲ ಎನ್ನುವ ಗಗ್ಗರದ ಕಡಗ. ಗಗ್ಗರ ಕಟ್ಟಿ ಎದ್ದ ಮೇಲೆ ಅವರು ನಮಗೆ ಗೊತ್ತಿದ್ದ ಮನುಷ್ಯರಾಗಿ ಉಳಿಯುತ್ತಿರಲಿಲ್ಲ. “ಹೆದ್ರಬ್ಯಾಡ ಮಗಾ, ಸುಮ್ನೆ ಕೂಕೋ” ಎಂದು ಅಮ್ಮಮ್ಮ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಹಿಂದಿನ ದಿನವಷ್ಟೇ ಅವರಿಗೆ ಏಕವಚನದಲ್ಲಿ ಕೆಲಸ ಹೇಳಿದ್ದ ಅಜ್ಜಯ್ಯ, ಹೆಗಲ ಮೇಲಿನ ಶಾಲು ಸೊಂಟಕ್ಕೆ ಸುತ್ತಿ, ಕೈಮುಗಿದು ನಿಂತಿರುತ್ತಿದ್ದರು. ದೈವ ಗದರಿ ಕೇಳಿದರೆ ತಲೆ ತಗ್ಗಿಸಿ ಉತ್ತರ ಕೊಡಬೇಕಿತ್ತು.

ಮೊದಲ ‘ಕಾಂತಾರ’ ಹಿಡಿದದ್ದು ಈ ತಿರುವನ್ನೇ. ಶಿವ ಕುಡಿಯುತ್ತಾನೆ, ಶಿಕಾರಿ ಮಾಡುತ್ತಾನೆ, ಕೋಲವೆಂದರೆ ಹಿಂಜರಿಯುತ್ತಾನೆ. ಧಣಿಯ ಮುಂದೆ ತಗ್ಗಿ ನಿಲ್ಲುವ ಅಂಥವನ ಮೈಮೇಲೆ ದೈವ ಬರುತ್ತದೆ. ಕೊನೆಗೆ ಊರವರ ಕೈ, ಅರಣ್ಯಾಧಿಕಾರಿಯ ಕೈ ಎಲ್ಲವನ್ನೂ ಹಿಡಿದು ಎದೆಗೊತ್ತಿಕೊಳ್ಳುವಾಗ ಮಾತೇ ಇಲ್ಲ. ಚಾಪ್ಟರ್ 1ರ ನಾಯಕ ಬೆರ್ಮೆ ಹಾಗಲ್ಲ, ಆರಂಭದಿಂದಲೇ ವೀರ. ವೀರನ ಮೇಲೆ ದೈವ ಬಂದರೆ ಚಪ್ಪಾಳೆ ಬೀಳುತ್ತದೆ. ಅಜ್ಜಯ್ಯ ತಲೆ ತಗ್ಗಿಸಿದಾಗ ನನಗೆ ಆಗುತ್ತಿದ್ದ ನಡುಕ ಬರುವುದಿಲ್ಲ. ಮೊದಲನೆಯದು ಕನ್ನಡದಲ್ಲಷ್ಟೇ ತೆರೆಗೆ ಬಂದು, ಜನರ ಬಾಯಿಂದ ಬಾಯಿಗೆ ಹರಡಿ, ಎರಡು ವಾರ ಕಳೆದ ಮೇಲೆ ಹಿಂದಿ, ತೆಲುಗು, ತಮಿಳಿಗೆ ಹೋಯಿತು. ಎರಡನ್ನೂ ನಿರ್ದೇಶಿಸಿ ನಾಯಕರಾಗಿಯೂ ನಟಿಸಿದ ರಿಷಬ್ ಶೆಟ್ಟಿ, ಅದನ್ನು ತಮ್ಮೂರು ಕೆರಾಡಿಯಲ್ಲಿ ಊರವರಿಗೆ ಕಥೆ ಹೇಳಿದ ಹಾಗೆ ಹೇಳಿದ್ದರು. ಹೊಸದು ಮೊದಲ ದಿನದಿಂದಲೇ ಹಲವು ಭಾಷೆಗಳಿಗೆ ಮಾತಾಡಬೇಕಿತ್ತು. ಆ ಭಾರ ಎಷ್ಟೋ ದೃಶ್ಯಗಳಲ್ಲಿ ಕಾಣುತ್ತದೆ.

ಜಾಗ ಕಡಿಮೆ, ಪ್ರಕಟಣೆಗಳು: ದೀಪಾವಳಿ ಊಟ ಅಕ್ಟೋಬರ್ 25, ಶನಿವಾರ, ಹೋಳಿಗೆಗೆ ಹೆಸರು ಕೊಟ್ಟವರು ದಯವಿಟ್ಟು ಸಂಖ್ಯೆ ಖಚಿತಪಡಿಸಿ. ರಾಜ್ಯೋತ್ಸವ ನವೆಂಬರ್ 8, ಶನಿವಾರ, ಅದೇ ಸಭಾಂಗಣ. ಮಕ್ಕಳ ನೃತ್ಯದ ಹಾಡುಗಳನ್ನು ಒಂದು ವಾರ ಮೊದಲೇ ಕಳಿಸಿ. ಕನ್ನಡ ಕಲಿ ತರಗತಿ ಶಾಲೆಯ ರಜೆಯ ವಾರ ಇರುವುದಿಲ್ಲ. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಗಳನ್ನು ಕಾಣಿ.

ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆಗೆ ಪಂಜುರ್ಲಿ, ಗುಳಿಗ ದೈವಗಳ ವೇಷಕ್ಕೆ ಹೆಸರುಗಳು ಬರುತ್ತಿವೆ. ಕೈಮುಗಿದು ಕೇಳುತ್ತೇನೆ, ಬೇಡ. ಚಿತ್ರತಂಡವೂ ದೈವದ ವೇಷ ಹಾಕಿ ಅನುಕರಿಸಬೇಡಿ ಎಂದು ಕೇಳಿಕೊಂಡಿದೆ. ನಮ್ಮಲ್ಲಿ ಅದು ಇವತ್ತಿಗೂ ಹರಕೆ ಹೊತ್ತು ನಡೆಸುವ ಆರಾಧನೆ. ಮಕ್ಕಳ ಆಸೆ ಸಹಜವೇ. ಅದಕ್ಕೆ ಬದಲಾಗಿ ಆ ಮಧ್ಯಾಹ್ನ ಅರ್ಧ ಗಂಟೆ ಕೋಲದ ಕಥೆ ಹೇಳುವ ಯೋಚನೆ ಇದೆ. ಪಾಡ್ದನ ಕೇಳಿ ಬೆಳೆದ ತುಳುವರು ನಮ್ಮ ಸಂಘದಲ್ಲಿ ಇದ್ದೇ ಇದ್ದೀರಿ, ಮುಂದೆ ಬನ್ನಿ. ಕುಂದಾಪ್ರದ ಭಾಗ ನಾನು ಹೇಳುತ್ತೇನೆ.

ಹಾಗೆಯೇ ಪತ್ರಿಕೆಯ ಟೈಪಿಂಗ್, ಕರಡು ತಿದ್ದುವ ಕೆಲಸಕ್ಕೆ ಒಬ್ಬರಾದರೂ ಜೊತೆಗೆ ಬೇಕು. ನೌಕರಿ, ಮನೆ ಮುಗಿಸಿ ಒಬ್ಬಳೇ ಮಾಡುವುದು ಇನ್ನು ಕಷ್ಟ. ಜನವರಿ ಸಂಚಿಕೆಗೆ ಮೊದಲು ಹೇಳಿ.