ಕದಿಯದ ಐದು ರೂಪಾಯಿ

ಕೇಶ್ವಾಪುರ, ಹುಬ್ಬಳ್ಳಿ
ಈಸ್ಟರ್ ಮುಗಿದ ಬುಧವಾರ

ಮಗಳೇ,

ಶನಿವಾರ ನಿನ್ನ ರೈಲು ಹೋದ ಮೇಲೂ ನಾನು ಸ್ಟೇಷನ್ನಿನಲ್ಲೇ ಕೂತಿದ್ದೆ. 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಇಷ್ಟುದ್ದದ್ದು ಇನ್ನೊಂದಿಲ್ಲ ಅಂತ ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾರಲ್ಲ. ಅಂಥ ಸ್ಟೇಷನ್ನಿನಲ್ಲಿ ನಿನ್ನ ಬೋಗಿಯ ತನಕ ಜೊತೆಗೆ ನಡೆದರೂ "ಬುತ್ತಿ ಇಟ್ಕೊಂಡಿಯಿಲ್ಲೋ?" ಅನ್ನುವುದು ಬಿಟ್ಟು ನನ್ನ ಬಾಯಿಂದ ಬೇರೇನೂ ಹೊರಡಲಿಲ್ಲ. ಈಸ್ಟರ್ ರಾತ್ರಿಯ ಪೂಜೆಗೂ ನಿಲ್ಲದೆ ಹೊರಟ ಮಗಳನ್ನು ತಾಯಿ ಕೇಳಿದ್ದು ಇದೊಂದೇ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನಾನು ನಡುವೆ ಅಳುತ್ತೇನೆ, ನೀನು ಇಟ್ಟುಬಿಡುತ್ತಿ.

ಶುಕ್ರವಾರದ ಜಗಳ ಮತ್ತೆ ಬರೆಯುವುದಿಲ್ಲ. ಕೇಳದೆ ನಿನ್ನ ಮೊಬೈಲ್ ನೋಡಿದ್ದು ನನ್ನದೇ ತಪ್ಪು. ಆದರೆ ನೋಡಿದ್ದನ್ನು ನೋಡಿಲ್ಲ ಅನ್ನಲಿಕ್ಕೂ ಆಗುವುದಿಲ್ಲ. ನಂಬರು ಹಾಕಿ ಬರೆದ ಪಾಪಗಳ ಪಟ್ಟಿ. ಕಂಡಕ್ಟರ್ ಎರಡು ರೂಪಾಯಿ ಹೆಚ್ಚು ಕೊಟ್ಟದ್ದು ಬಸ್ ಇಳಿದ ಮೇಲೆ ಗೊತ್ತಾಯಿತು, ಇದು ಕಳವೋ ಅಲ್ಲವೋ. ವಾರ್ಡಿನಲ್ಲಿ ಅಜ್ಜಿಯೊಬ್ಬರು ಕರೆದಾಗ ಬೇಕಂತಲೇ ತಡ ಮಾಡಿದೆನೋ ಇಲ್ಲವೋ. ಒಂದೂ ಸಾಲು ಪ್ರಶ್ನೆಯಿಲ್ಲದೆ ಮುಗಿದಿರಲಿಲ್ಲ. ಈಸ್ಟರ್ ಮುಂಚಿನ ಬುಧವಾರ, ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಸಾಲಿನಲ್ಲಿ ಒಂದು ತಾಸು ನಿಂತು, ಮುಂದೆ ಇಬ್ಬರೇ ಉಳಿದಾಗ ನೀನು ಯಾಕೆ ಹೊರಗೆ ನಡೆದುಬಿಟ್ಟೆ ಅಂತ ಆಗ ತಿಳಿಯಿತು. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತಗೊಳ್ಳದೆ ಏಳು ತಿಂಗಳಾಯಿತು ಅಂತ ನೀನೇ ಹೇಳಿದಿ. ಆಮೇಲೆ ಬಾಗಿಲ ಹತ್ತಿರ ನಿಂತು ಅಂದೆಯಲ್ಲ, "ನಾ ಮೊದಲ್ನೇ ಪಾಪನಿವೇದನೆಯೊಳಗ ಸುಳ್ಳ ಹೇಳೀನವ್ವಾ. ಅಲ್ಲಿಂದ ಇಲ್ಲೀತನಕ ಮಾಡಿದ್ದೆಲ್ಲಾ ಹಾಳು" ಅಂತ. ಆ ಮಾತು ನನ್ನನ್ನು ನಾಲ್ಕು ರಾತ್ರಿ ಮಲಗಗೊಟ್ಟಿಲ್ಲ.

ಆ ರಾತ್ರಿ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಿನಗೆ ಒಂಬತ್ತು ವರ್ಷ. ಮೇ ತಿಂಗಳು, ಕರೆಂಟು ಹೋಗಿತ್ತು, ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದೆವು. ಮರುದಿನ ಬೆಳಗ್ಗೆ ನಿನ್ನ ಮೊದಲ ಪಾಪನಿವೇದನೆ. ಶಾಲೆಯಲ್ಲಿ ಉಳಿದಿದ್ದ ನೀಲಿ ರಟ್ಟಿನ ನೋಟುಬುಕ್ಕು ಕೊಟ್ಟು ಮಾಡಿದ ಪಾಪ ಬರಿ ಅಂದೆ. ನೀನು ಮೂರು ಬರೆದೆ. ತಮ್ಮನನ್ನು ಹೊಡೆದದ್ದು, ಜಪಮಾಲೆ ಹೇಳುವಾಗ ನಿದ್ದೆ ಮಾಡಿದ್ದು, ಪಕ್ಕದ ಮನೆಯ ಪೇರಲಹಣ್ಣು ಕಿತ್ತದ್ದು. ಅಲ್ಲಿಗೆ ಸಾಕಿತ್ತು. ಒಂಬತ್ತು ವರ್ಷದ ಕೂಸಿನ ಹತ್ತಿರ ಇನ್ನೆಷ್ಟು ಪಾಪ ಇರುತ್ತದೆ? ನಾನು ಅಂದದ್ದು, "ಇಷ್ಟ ಅಲ್ಲ, ಇನ್ನೂ ನೆನಪ ಮಾಡ್ಕೋ." ಇನ್ನ ಇಲ್ಲವ್ವಾ ಅಂದೆ ನೀನು. "ಇಲ್ಲ ಅನ್ನೂದ ಅಹಂಕಾರ" ಅಂದೆ ನಾನು.

ಪೆನ್ಸಿಲ್ಲು ಕಚ್ಚುತ್ತ ಬಹಳ ಹೊತ್ತು ಕೂತಿದ್ದಿ. ಆಮೇಲೆ ನಾಲ್ಕನೆಯದು ಬರೆದೆ: ಅವ್ವನ ಡಬ್ಬಿಯಿಂದ ಐದು ರೂಪಾಯಿ ಕದ್ದೆ. ನಾನು ಓದಿ ತಲೆ ಸವರಿದೆ. ಬಯ್ಯಲಿಲ್ಲ. ಒಳಗೊಳಗೇ ಸಂತೋಷವೇ ಆಗಿತ್ತು, ನನ್ನ ಮಗಳು ಮುಚ್ಚಿಡುವವಳಲ್ಲ ಅಂತ. ಡಬ್ಬಿ ಎಣಿಸಲಿಲ್ಲ. ಸಾಸಿವೆ ಡಬ್ಬಿಯ ಹಿಂದೆ, ಕೈಗೆ ಎಟಕುವಲ್ಲೇ ಇತ್ತು. ಎಣಿಸಿದ್ದರೆ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಭಾನುವಾರ, ಬಿಳಿ ಫ್ರಾಕಿನಲ್ಲೇ, ಸೋದರತ್ತೆ ಕೊಟ್ಟ ಐದು ರೂಪಾಯಿ ನಾಣ್ಯ ಅದೇ ಡಬ್ಬಿಗೆ ನೀನು ಹಾಕಿದ್ದನ್ನು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕದಿಯದ ದುಡ್ಡನ್ನು ನನ್ನ ಕೂಸು ನನಗೆ ವಾಪಸು ಕೊಟ್ಟಿತು. ನಾನು ಅದನ್ನು ತಗೊಂಡು ಕೊತ್ತಂಬರಿಯೋ ಏನೋ ತಂದೆ.

ಹದಿನೆಂಟು ವರ್ಷ ನೀನು ಇದನ್ನು ಹೊತ್ತುಕೊಂಡಿದ್ದಿ.

ಈಗ ನನ್ನ ಮಾತು ಕೇಳು. ಧರ್ಮೋಪದೇಶ ನಾನೂ ಹನ್ನೆರಡು ವರ್ಷ ಕಲಿಸಿದವಳು. ಪಾಪನಿವೇದನೆ ಕೆಡುವುದು ಮಾರಕ ಪಾಪವನ್ನು ಗೊತ್ತಿದ್ದೂ ಬೇಕಂತಲೇ ಮುಚ್ಚಿಟ್ಟಾಗ. ಮಾರಕ ಪಾಪ ಅನ್ನಬೇಕಾದರೆ ಮೂರೂ ಇರಬೇಕು: ವಿಷಯ ಗಂಭೀರವಾದದ್ದು, ಅದು ಗಂಭೀರ ಅಂತ ಪೂರ್ಣ ಅರಿವು, ಮನಸ್ಸಿನ ಪೂರ್ಣ ಒಪ್ಪಿಗೆ. ಒಂದು ಇಲ್ಲದಿದ್ದರೂ ಅದು ಮಾರಕವಲ್ಲ. ಮರೆತು ಬಿಟ್ಟ ಪಾಪವೂ ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ. ನೀನು ಮುಚ್ಚಿಡಲಿಲ್ಲ, ಅವ್ವನಿಗೆ ಹೆದರಿ ಇಲ್ಲದ್ದನ್ನು ಸೇರಿಸಿದೆ. ಅದರಲ್ಲಿ ಹಾಳಾಗುವಂಥದ್ದು ಏನಿದೆ? ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರಲ್ಲಿ ರೋಮಿನಲ್ಲಿ ಸೇರಿದ ನಮ್ಮ ಧರ್ಮಸಭೆಯ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಿತು. ವಾರಕ್ಕೆ ಮೂರು ಸಲ, ಮೂರು ಬೇರೆ ಬೇರೆ ಗುಡಿಯಲ್ಲಿ, ಮೂರು ಬೇರೆ ಫಾದರ್ ಹತ್ತಿರ ಮಾಡು ಅಂತ ಯಾರೂ ಹೇಳಿಲ್ಲ.

ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಕಥೆ ನಿನಗೆ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದಲ್ಲಿಗೆ ನಿಲ್ಲಿಸಿ ಹೇಳಿದ್ದೆ. ಮುಂದಿನದೇ ಮುಖ್ಯ. 1522ರಲ್ಲಿ ಸ್ಪೇನಿನ ಮನ್ರೇಸ ಅನ್ನುವ ಊರಿನಲ್ಲಿದ್ದಾಗ ಅವರಿಗೂ ಇದೇ ಬೇನೆ. ಹಿಂದಿನ ಪಾಪವೆಲ್ಲ ಬರೆದು ಹೇಳಿಕೊಂಡರೂ ಏನೋ ಬಿಟ್ಟುಹೋಯಿತು ಅನ್ನುವ ಸಂಕಟ. ಸ್ಪಷ್ಟವಾಗಿ ಪಾಪ ಅಂತ ತಿಳಿದದ್ದು ಬಿಟ್ಟು ಹಳೆಯದೇನೂ ಹೇಳಬೇಡ ಅಂದರು ಅವರ ಗುರುಗಳು. ಅವರಿಗೋ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಒಂದು ವಾರ ಅನ್ನ ಬಿಟ್ಟರು. ತಾವಿದ್ದ ಕೋಣೆಯಲ್ಲಿದ್ದ ಕಂಡಿಯೊಳಗೆ ಹಾರಿ ಸತ್ತುಬಿಡೋಣ ಅನ್ನಿಸುವ ತನಕ ಹೋಗಿತ್ತು. ಕೊನೆಗೆ ಹಳೆಯದನ್ನು ಮತ್ತೆ ಹೇಳುವುದೇ ಇಲ್ಲ ಅಂತ ನಿರ್ಧಾರ ಮಾಡಿದ ಮೇಲೆ ಬಿಡುಗಡೆಯಾಯಿತು. ಈ ಶಂಕೆಗೆ ಲ್ಯಾಟಿನ್ನಿನಲ್ಲಿ ಇಟ್ಟ ಹೆಸರಿನ ಅರ್ಥ ಚೂಪಾದ ಸಣ್ಣ ಹರಳು ಅಂತೆ. ಜೋಳ ಹಸನು ಮಾಡುವಾಗ ನಾನು ಎಷ್ಟು ಹರಳು ತೆಗೆದಿದ್ದೇನೆ, ನೀನೂ ಪಕ್ಕದಲ್ಲಿ ಕೂತು ತೆಗೆದಿದ್ದಿ. ಕತ್ತಲಾಗುವ ಮುಂಚೆ ಮೊರ ಕೆಳಗಿಟ್ಟು ಗಿರಣಿಗೆ ಹೋಗುತ್ತಿದ್ದೆವು, ಅಲ್ಲವಾ.

ನೋಡು, ಮತ್ತೆ ಪಾಠ ಶುರುವಾಯಿತು. ಆ ರಾತ್ರಿಯೂ ಹೀಗೇ ಆದದ್ದು. ನಿನಗೆ ದೇವರನ್ನು ಕೊಡಲಿಕ್ಕೆ ಕೂತು ಲೆಕ್ಕದ ಪುಸ್ತಕ ಕೊಟ್ಟೆ. "ಇಲ್ಲ ಅನ್ನೂದ ಅಹಂಕಾರ" ಅನ್ನುವ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಫಾದರ್ ಹೇಳಿದ್ದೂ ಅಲ್ಲ. ನನ್ನ ಅವ್ವ ನನಗೆ ಅಂದದ್ದು, ನಾನು ನಿನಗೆ ಅಂದೆ.

ಈಸ್ಟರ್ ದಿನ ನಿನ್ನ ಅತ್ತೆ ಕೇಳಿದಾಗ ಮಗಳಿಗೆ ಡ್ಯೂಟಿ ಇತ್ತು ಅಂತ ಸುಳ್ಳು ಹೇಳಿದೆ. ನಿನ್ನ ಕಾಳಜಿಗಿಂತ ನಾಲ್ಕು ಮಂದಿ ಏನಂದಾರು ಅನ್ನುವುದೇ ಆಗ ಮುಂದೆ ಬಂತು. ಸೋಮವಾರ ಸಂಜೆ ಫಾದರ್ ಹತ್ತಿರ ಹೋಗಿ ಅದನ್ನೂ ಹೇಳಿದೆ, ನೋಟುಬುಕ್ಕಿನದ್ದೂ ಹೇಳಿದೆ. ಕೇಳಿಸಿಕೊಂಡ ಫಾದರ್ ಬಾಯಿ ಬಿಡುವ ಹಾಗಿಲ್ಲ, ಹೇಳಿಕೊಂಡವಳು ಹೇಳಬಹುದು, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಅವರು ಕೊಟ್ಟ ಪ್ರಾಯಶ್ಚಿತ್ತ ಒಂದೇ ಒಂದು ನಮೋ ಮರಿಯಾ ಜಪ. ಹದಿನೆಂಟು ವರ್ಷಕ್ಕೆ ಒಂದೇ? ಒಂದು ಹೇಳಿದೆ. ಏಳಲಿಕ್ಕೆ ಆಗಲಿಲ್ಲ. ಇನ್ನೊಂದು ಹೇಳಿದೆ, ಮತ್ತೊಂದು ಹೇಳಿದೆ. ಮೂರನೆಯದರ ನಡುವೆ ನಿನ್ನ ಮೊಬೈಲಿನ ಪಟ್ಟಿ ಕಣ್ಣ ಮುಂದೆ ಬಂತು. ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದೆ. ಕಾಲು ನಡುಗುತ್ತಿತ್ತು.

ಗುಡಿಗೆ ಹೋಗು ಅಂತ ನಾನು ಇನ್ನು ಹೇಳುವುದಿಲ್ಲ. ಹೇಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಹೋದರೆ ಒಬ್ಬರೇ ಫಾದರ್ ಹತ್ತಿರ ಹೋಗು, ನಿನಗೆ ಹೀಗಾಗುತ್ತದೆ ಅಂತ ಮೊದಲೇ ಹೇಳು, ಅವರು ಸಾಕು ಅಂದರೆ ಸಾಕು. ಜೊತೆಗೆ ಡಾಕ್ಟರನ್ನೂ ನೋಡು. ಒಸಿಡಿ, ಅಂದರೆ ಬೇಡವೆಂದರೂ ಅದೇ ಶಂಕೆ ಮತ್ತೆ ಮತ್ತೆ ಕಾಡುವ ಮನಸ್ಸಿನ ಬೇನೆ, ಹೀಗೆ ಪಾಪದ ರೂಪದಲ್ಲೂ ಬರುತ್ತದೆ ಅನ್ನುವುದು ನರ್ಸ್ ಆದ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಅಲ್ಲಿ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ಗುರುತಿನವರು ಕಂಡಾರು ಅಂತ ಸಂಕೋಚವಿದ್ದರೆ ಇಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ನಾನೇ ಜೊತೆಗೆ ಬರುತ್ತೇನೆ, ಹೊರಗೆ ಕೂತಿರುತ್ತೇನೆ, ಒಳಗೆ ಏನಂದರು ಅಂತ ಕೇಳುವುದಿಲ್ಲ.

ಅಪ್ಪನಿಗೆ ಐದು ರೂಪಾಯಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಎರಡು ರೂಪಾಯಿಗೆ ನಿದ್ದಿ ಕೆಡಿಸ್ಕೊಳ್ಳೋ ಹುಡುಗಿ ಕೈಯಾಗ ಪೇಷಂಟ್ ಇದ್ದಾರಂದ್ರ ಆ ಮಂದಿ ಪುಣ್ಯಾ ಮಾಡ್ಯಾರ" ಅಂದರು. ನನಗೂ ಹೆಮ್ಮೆಯಿದೆ. ಆದರೆ ನಿದ್ದೆ ಕೆಡಬಾರದು.

ನೀಲಿ ನೋಟುಬುಕ್ಕು ಟ್ರಂಕಿನಲ್ಲಿ ನಿನ್ನ ಬಿಳಿ ಫ್ರಾಕಿನ ಕೆಳಗೆ ಸಿಕ್ಕಿತು. ಹರಿದು ಒಲೆಗೆ ಹಾಕೋಣ ಅಂತ ತೆಗೆದೆ, ಮನಸ್ಸು ಬರಲಿಲ್ಲ. ಅದು ನಿನ್ನದು, ಏನು ಮಾಡಬೇಕೋ ನೀನೇ ಬಂದು ಮಾಡು. ನಾಲ್ಕನೆಯ ಸಾಲನ್ನು ಮಾತ್ರ ಹೊಡೆದು ಹಾಕಿ ಪಕ್ಕದಲ್ಲಿ ನನ್ನ ಸಹಿ ಮಾಡಿದ್ದೇನೆ.

ನಾಳೆ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಕಟಕ ರೊಟ್ಟಿ, ಶೇಂಗಾ ಹಿಂಡಿ. ಒಂದು ಚೀಟಿಯಲ್ಲಿ ಸುತ್ತಿ ಐದು ರೂಪಾಯಿಯನ್ನೂ ಇಟ್ಟಿದ್ದೇನೆ. ಅದು ನಿನಗೆ ನಾನು ಕೊಡಬೇಕಾಗಿದ್ದ ಸಾಲ.

ನಿನ್ನ
ಅವ್ವ