ಮಗಳ ಮದುವೆಯ ಚಪ್ಪರಕ್ಕೆ ಕೈ ಜೋಡಿಸಿದವರಿಗೆ

ಪ್ರೀತಿಯ ಬಂಧುಗಳಿಗೂ ಮಿತ್ರರಿಗೂ ನಮಸ್ಕಾರಗಳು.

ಮಗಳ ಮದುವೆ ಮುಗಿದು ಇಂದಿಗೆ 18 ದಿನಗಳಾದವು. ಚಪ್ಪರ ಬಿಚ್ಚಿ, ಬೊಂಬುಗಳನ್ನು ಕೊಟ್ಟವರ ಮನೆಗೆ ತಲುಪಿಸಿ, ಎರವಲು ತಂದ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಒಂದೊಂದಾಗಿ ಹಿಂದಿರುಗಿಸುವಷ್ಟರಲ್ಲಿ ಇಷ್ಟು ದಿನ ಕಳೆಯಿತು. ಧಾರೆಯ ದಿನ ಬಾಗಿಲಲ್ಲಿ ಕೈಮುಗಿದು ಬೀಳ್ಕೊಟ್ಟದ್ದು ಬಿಟ್ಟರೆ ಯಾರೊಂದಿಗೂ ನೆಮ್ಮದಿಯಾಗಿ ಎರಡು ಮಾತನಾಡಲು ಆಗಲಿಲ್ಲವಾದ್ದರಿಂದ ಈ ಬರಹ. ಏಪ್ರಿಲ್‌ನಲ್ಲಿ ನನಗೆ ಏನಾಯಿತೆಂಬುದು ನಿಮಗೆಲ್ಲ ತಿಳಿದೇ ಇದೆ. ಅದನ್ನು ಮತ್ತೆ ಎತ್ತುವುದಿಲ್ಲ. ಆ ವಾರ ಮೈಸೂರಿನ ಆಸ್ಪತ್ರೆಗೆ ಬಂದು ಹೋದವರಿಗೂ, ಮದುವೆಯನ್ನು ಮುಂದಕ್ಕೆ ಹಾಕಬೇಡಿ ಎಂದು ಧೈರ್ಯ ಹೇಳಿದ ಬೀಗರಿಗೂ ನಮ್ಮ ಮನೆ ಋಣಿಯಾಗಿದೆ.

ಇಂಥ ಮದುವೆಯೇ ಆಗಬೇಕೆಂದು ಹಟ ಹಿಡಿದವಳು ಮಗಳು. ಹಿಂದೆ ಮುಂದೆ ನೋಡಿದವನು ನಾನು. ಮಂಡ್ಯದಲ್ಲಿ ಗೊತ್ತು ಮಾಡಿದ್ದ ಕಲ್ಯಾಣಮಂಟಪವನ್ನು ಬಿಟ್ಟು, ಪಾಂಡವಪುರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಂಗಳದಲ್ಲೇ ಚಪ್ಪರ ಹಾಕಬೇಕು, ಪ್ಲಾಸ್ಟಿಕ್ ಹೂವಾಗಲಿ ಥರ್ಮಾಕೋಲ್ ಆಗಲಿ ಒಳಗೆ ಬರಕೂಡದು, ಅಲಂಕಾರವೆಂದರೆ ನಮ್ಮ ಕೈಯಲ್ಲಿ ಮಾಡಿದ್ದು ಇಲ್ಲವೇ ನಮ್ಮ ಅಟ್ಟದಿಂದ ಇಳಿಸಿದ್ದು ಮಾತ್ರ ಎಂದು ಅವಳು ಹೇಳಿದಾಗ, ಬಂದ ನೆಂಟರು ಏನೆಂದುಕೊಂಡಾರು ಎಂಬ ಅಳುಕು ನನಗಿತ್ತು. ನನ್ನ ಹಳೆಯ ಶಿಷ್ಯರಿಗೆ ಇದು ತಮಾಷೆಯಾಗಿ ಕಾಣಬಹುದು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆ ಇವೆಲ್ಲವನ್ನೂ ನಿಷೇಧಿಸಿದಾಗ ಶಾಲೆಯ ಮಕ್ಕಳಿಂದ ಊರ ತುಂಬ ಘೋಷಣೆ ಕೂಗಿಸಿದವನು ನಾನೇ; ಎರಡು ವರ್ಷಗಳ ನಂತರ ದೊಡ್ಡ ಮಗನ ಮದುವೆಗೆ ಊರ ಬಾಗಿಲಲ್ಲಿ 12 ಅಡಿಯ ಫ್ಲೆಕ್ಸ್ ಕಟ್ಟಿಸಿದವನೂ ನಾನೇ. ಅದರಲ್ಲಿ ನನ್ನ ಭಾವಚಿತ್ರ ಮದುಮಗನದಕ್ಕಿಂತ ದೊಡ್ಡದಾಗಿತ್ತು ಎಂದು ಮಗಳು ಈಗಲೂ ನೆನಪಿಸುತ್ತಾಳೆ.

ಮೊದಲು ಮಾತನಾಡಿದ್ದ ಅಲಂಕಾರದವರು, ಥರ್ಮಾಕೋಲ್ ಮಂಟಪವಿಲ್ಲದೆ ತಮ್ಮಿಂದ ಆಗದೆಂದು ಹೇಳಿ, ಕೊಟ್ಟ ಮುಂಗಡವನ್ನೂ ಇಟ್ಟುಕೊಂಡು ಹೊರಟುಹೋದರು. ಆಮೇಲೆ ಕೆಲಸ ನಡೆದದ್ದು ನಿಮ್ಮೆಲ್ಲರಿಂದ. ಲಗ್ನಪತ್ರಿಕೆಯನ್ನು ಒಗೆದರೆ ಅಕ್ಷರ ಹೋಗಿ ಕರವಸ್ತ್ರವಾಗುವಂತೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿಕೊಟ್ಟ ನನ್ನ ಸಹೋದ್ಯೋಗಿ ಮೇಷ್ಟರಿಗೆ, ಮೈಸೂರಿನ ಬಂಬೂ ಬಜಾರಿನಲ್ಲಿ ಬಿಸಿಲಲ್ಲಿ ನಿಂತು 40 ಮೊರಗಳನ್ನು ಆರಿಸಿ ತಂದ ಭಾಮೈದನಿಗೆ, ಆ ಮೊರಗಳ ಮೇಲೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಹಸೆ ಬರೆದ ಅಣ್ಣನ ಮೊಮ್ಮಕ್ಕಳಿಗೆ, ವರನಿಗೆ ಮೇಲುಕೋಟೆಯ ಕೈಮಗ್ಗದ ಪಂಚೆ ತಂದುಕೊಟ್ಟ ಗೆಳೆಯರಿಗೆ, 400 ಜನರ ಊಟಕ್ಕೆ ಸ್ಟೀಲ್ ಲೋಟಗಳನ್ನು ತೊಳೆತೊಳೆದು ಕೊಟ್ಟ ಊರಿನ ಹುಡುಗರಿಗೆ, ಮುತ್ತಜ್ಜಿಯ ಕಾಲದ ಪಟ್ಟದ ಗೊಂಬೆಗಳನ್ನು ಮೈಸೂರಿನಿಂದ ತೊಡೆಯ ಮೇಲೆ ಇಟ್ಟುಕೊಂಡೇ ತಂದು ಬಾಗಿಲಲ್ಲಿ ಕೂರಿಸಿದ ಬೀಗಿತಿಯವರಿಗೆ ನನ್ನ ಹೃತ್ಪೂರ್ವಕ ವಂದನೆಗಳು.

ಹೂವಿನ ಕೆಲಸ ಮಾಡಿದ ಮಹಿಳೆಯ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ಮಲ್ಲಿಗೆ, ಸುಗಂಧರಾಜ, ಚೆಂಡುಹೂ ತಂದ ಅವರು, ಹೂ ನಿಲ್ಲಿಸಲು ಈಗ ಎಲ್ಲ ಕಡೆ ಬಳಸುವ ಹಸಿರು ಸ್ಪಂಜಿನ ಇಟ್ಟಿಗೆಗಳನ್ನು ಬೇಡವೆಂದು, ನಮ್ಮ ತೋಟದ ಗೊನೆ ಕಡಿದ ಬಾಳೆದಿಂಡನ್ನೇ ಮೊಳದುದ್ದ ತುಂಡರಿಸಿಕೊಂಡರು. ಮುಟ್ಟಿದರೆ ಪುಡಿಯಾಗುವ ಆ ಸ್ಪಂಜು ಕೂಡ ಒಂದು ಬಗೆಯ ಪ್ಲಾಸ್ಟಿಕ್ಕೇ, ಮಣ್ಣಿಗೆ ಹಾಕಿದರೂ ಕರಗುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ದಿಂಡಿನ ಪದರಗಳಲ್ಲಿ ಗೂಡುಗೂಡಾಗಿ ನೀರು ನಿಂತಿರುತ್ತದೆ; ಮೊಳೆಯಿಂದ ತೂತು ಮಾಡಿ ಕಾಂಡ ಸಿಕ್ಕಿಸಿದರೆ ಹೂ ಮರುದಿನದ ಸಂಜೆಯವರೆಗೂ ಬಾಡಲಿಲ್ಲ. 1956ರ ಕಾಯ್ದೆಯಿಂದ ಕಿಲೋ, ಲೀಟರುಗಳು ಬಂದ ಮೇಲೆ ಅಟ್ಟ ಸೇರಿದ್ದ ನಮ್ಮ ಕೊಳಗ, ಸೇರು, ಪಾವುಗಳಲ್ಲಿ ಆ ದಿಂಡುಗಳು ಅಳತೆ ಮಾಡಿ ಕಡಿದಂತೆ ಕೂತವು.

ಇನ್ನು ನನ್ನ ಅಕ್ಕನ ವಿಷಯ.

ಅಂಗಳದ ಚಪ್ಪರಕ್ಕೆ ತೆಂಗಿನ ಗರಿಯ ಕೆಳಗೆ ಇಳಿಬಿಡಲೆಂದು, 1927ರಲ್ಲಿ ಗಾಂಧೀಜಿಯವರು ಭೇಟಿ ಕೊಟ್ಟಿದ್ದ ಬದನವಾಳಿನ ಖಾದಿ ಕೇಂದ್ರದಿಂದ ಮಗಳು 60 ಮೀಟರ್ ಕೋರಾ ಬಟ್ಟೆ ತಂದಿದ್ದಳು. ಅದನ್ನು ಪಟಿಕದ ನೀರಿನಲ್ಲಿ ನೆನೆಸಿ, ಚಾಮರಾಜನಗರದ ಕಡೆಯ ಅರಿಶಿನದಲ್ಲಿ ಕುದಿಸಿ ಬಣ್ಣ ಕಟ್ಟಿದವರು ಅಕ್ಕ ಮತ್ತು ಮಗಳು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲವೆಂದು ಗರಿಯ ನೆರಳಲ್ಲೇ ಕಟ್ಟಿದೆವು. ಬಿಸಿಲಿಗೆ ಹೆದರಿದ ನಾವು ಮಳೆಯನ್ನು ಮರೆತಿದ್ದೆವು. ಚಪ್ಪರದ ಶಾಸ್ತ್ರಕ್ಕೆ ಒಂದು ರಾತ್ರಿ ಉಳಿದಿರುವಾಗ, ಎಂಟೂವರೆಯ ಹೊತ್ತಿಗೆ, ಮೇಲುಕೋಟೆ ಬೆಟ್ಟದ ಕಡೆಯಿಂದ ಎದ್ದ ಗಾಳಿಮಳೆ ಪಡುವಣ ಮಗ್ಗುಲಿನ ಚಪ್ಪರವನ್ನು ಮಗುಚಿ ಹಾಕಿತು. ಹಳದಿ ಬಟ್ಟೆಗಳೆಲ್ಲ ಹಾರಿ, ಹಿಂದಿನ ದಿನವಷ್ಟೇ ಸುಣ್ಣ ಬಳಿದಿದ್ದ ಹಸಿ ಗೋಡೆಗೆ ಅಂಟಿಕೊಂಡವು. ಕಿತ್ತು ನೋಡಿದರೆ ಬಟ್ಟೆಯ ತುಂಬ ರಕ್ತದ ಕಲೆಗಳಂತೆ ಕೆಂಪು ಮಚ್ಚೆ. ವಿದ್ಯುತ್ ಹೋಯಿತು. ಅಲಂಕಾರಕ್ಕೆಂದು ಸಾಲಾಗಿ ತೂಗುಹಾಕಿದ್ದ ಏಳು ಲಾಟೀನುಗಳಲ್ಲಿ ಒಂದರಲ್ಲೂ ಸೀಮೆಎಣ್ಣೆ ಇರಲಿಲ್ಲ. ಅವುಗಳ ಗಾಜಿನೊಳಗೆ ಮೊಬೈಲಿನ ದೀಪ ಹೊತ್ತಿಸಿಟ್ಟು ಬೆಳಕು ಮಾಡಿಕೊಳ್ಳಬೇಕಾಯಿತು.

ಮಗಳು ಜಗಲಿಯ ಮೇಲೆ ಕುಸಿದು ಅಳತೊಡಗಿದಳು. ವೈದ್ಯರ ಅಪ್ಪಣೆಯಂತೆ ಒಂದು ಕೊಡವನ್ನೂ ಎತ್ತುವಂತಿಲ್ಲದ ನಾನು, ನಾಲ್ಕು ಪ್ಲಾಸ್ಟಿಕ್ ತೋರಣ ಕಟ್ಟಿಸಿದ್ದರೆ ಏನು ಮುಳುಗಿಹೋಗುತ್ತಿತ್ತು ಎಂದುಬಿಟ್ಟೆ. ಆ ಮಾತಿಗಾಗಿ ಮಗಳ ಕ್ಷಮೆಯನ್ನು ಇಲ್ಲಿ, ನಿಮ್ಮೆಲ್ಲರ ಎದುರು, ಕೇಳುತ್ತೇನೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಬಟ್ಟೆಯನ್ನು ಲಾಟೀನಿನ ಹತ್ತಿರ ಹಿಡಿದು ನೋಡಿದಳು. "ಅರಿಸ್ನಕ್ಕೆ ಸುಣ್ಣ ಬಿದ್ರೆ ಓಕ್ಳಿ ಆಯ್ತದೆ ಕನವ್ವ, ಇದ್ಕ್ಯಾಕೆ ಅಳ್ತೀಯೆ? ಅರೆಬರೆ ಕೆಂಪಾದ್ರೆ ಕಲೆ, ಪೂರಾ ಕೆಂಪಾದ್ರೆ ಬಣ್ಣ" ಎಂದವಳೇ ಬಚ್ಚಲಿನ ಹಂಡೆಗೆ ನೀರು ತುಂಬಿಸಿ, ಉಳಿದ ಸುಣ್ಣವನ್ನು ಕದಡಿ, ತಿಳಿಯಾದ ಮೇಲೆ ಬಟ್ಟೆಯನ್ನು ಒಂದೊಂದಾಗಿ ಅದ್ದತೊಡಗಿದಳು. ಹಳದಿ ಬಟ್ಟೆ ನೀರಿಗಿಳಿದು ಎರಡೆಣಿಸುವಷ್ಟರಲ್ಲಿ ಕೆಂಪಾಗಿ ಮೇಲೆ ಬರುತ್ತಿತ್ತು. ಹಿಂಡಿದ್ದನ್ನು ನಡುಮನೆಯಲ್ಲೂ ಕೊಟ್ಟಿಗೆಯಲ್ಲೂ ಹಗ್ಗ ಕಟ್ಟಿ ಹರವಿ, ಬಚ್ಚಲೊಲೆಗೆ ತೆಂಗಿನ ಮಟ್ಟೆ ಹಾಕಿ ಕಾವು ಹಿಡಿದಳು.

ಹನ್ನೆರಡರ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಒರಗಿದರು. ಬೆಳಿಗ್ಗೆ ಅವರಿಗೆಲ್ಲ ಬೇರೆ ಕೆಲಸಗಳಿದ್ದವು. ಕೊನೆಗೆ ಉಳಿದವರು ಅಕ್ಕ ಮತ್ತು ಪಕ್ಕದ ಮನೆಯ ಪಿಯುಸಿ ಓದುವ ಹುಡುಗ. ಅವಳಿಗೆ ಈಗ 74 ವರ್ಷ. ಮೂರು ಗಂಟೆಯ ಸುಮಾರಿಗೆ ನಾನು ಎದ್ದು ಹೋಗಿ, ಸಾಕು ಬಿಡಕ್ಕ, ಮಲಗು, ನಾಳೆ ದಿನವಿಡೀ ನಿಲ್ಲಬೇಕು ಎಂದೆ. ಅವಳು ತಲೆಯೆತ್ತದೆ, "ನೀ ಮನಿಕೊ ಕನಪ್ಪ. ನಂಗೇನು, ನಾಳೀಕೆ ಮುಂದ್ಗಡೆ ನಿಂತ್ಕಳೊ ಕೆಲ್ಸ ಇಲ್ವಲ್ಲ" ಎಂದಳು.

ಅದರಲ್ಲಿ ಮುನಿಸಿರಲಿಲ್ಲ, ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಭಾವ ತೀರಿಕೊಂಡ ಮರುವರ್ಷ, 1987ರಲ್ಲಿ, ಇದೇ ಅಂಗಳದಲ್ಲಿ ನನ್ನ ಮದುವೆ ನಡೆಯಿತು. ಹೊರಗೆ ಸೋಬಾನೆ ಹಾಡುತ್ತ ಮುತ್ತೈದೆಯರು ನನಗೆ ಅರಿಶಿನ ಹಚ್ಚುತ್ತಿದ್ದಾಗ ಮೂವತ್ತಾರರ ಅಕ್ಕ ಹಿತ್ತಲಲ್ಲಿ ಒರಳಿನ ಮುಂದೆ ಕುಳಿತಿದ್ದಳು. ಅವಳನ್ನು ಯಾರೂ ಬರಬೇಡವೆಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಹಸೆಯ ಮೇಲಿನಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ಮಕ್ಕಳಿಗೆ ಬಸವಣ್ಣನವರನ್ನು ಪಾಠ ಮಾಡಿ ಬಂದವನು ನಾನು, ನಾನೂ ಕರೆಯಲಿಲ್ಲ. ಆಮೇಲೆ ನನ್ನ ಮಗನ ಮದುವೆಯಲ್ಲೂ ಅವಳು ಉಗ್ರಾಣದಲ್ಲೇ ಇದ್ದಳು, ಮತ್ತು ಉಗ್ರಾಣ ನೋಡಿಕೊಳ್ಳಲು ಅಕ್ಕನಂಥವರಿಲ್ಲ ಎಂದು ನಾವೆಲ್ಲ ಹೊಗಳಿದೆವು. ಅಂಥವಳು ಆ ರಾತ್ರಿ ನನ್ನ ಎದುರಿಗೆ ಮೊಣಕೈವರೆಗೆ ಅರಿಶಿನದಲ್ಲೂ ಓಕುಳಿಯಲ್ಲೂ ಮುಳುಗಿ ಕುಳಿತಿದ್ದಳು. ನಾನು ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತೆ. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು.

ಬೆಳಿಗ್ಗೆ ಚಪ್ಪರ ಮತ್ತೆ ಎದ್ದಿತು. ಊರಿನವರು ಆರು ಗಂಟೆಗೆಲ್ಲ ಹೊಸ ಗರಿ ಹೆಣೆದು ತಂದಿದ್ದರು. ಬಟ್ಟೆ ಆರುತ್ತ ಆರುತ್ತ ಕೆಂಪು ಒಂದಿಷ್ಟು ಇಳಿದು, ಕೆಲವು ಇಟ್ಟಿಗೆಯ ಬಣ್ಣಕ್ಕೂ ಕೆಲವು ಮಾಗಿದ ಮಾವಿನ ಬಣ್ಣಕ್ಕೂ ತಿರುಗಿದ್ದವು. ಈ ಬಣ್ಣದ ಬಟ್ಟೆ ಎಲ್ಲಿ ಸಿಕ್ಕಿತೆಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಅದು ಅಂಗಡಿಯಲ್ಲಿ ಸಿಕ್ಕುವ ಬಣ್ಣವಲ್ಲ. ಅರಿಶಿನದ ಶಾಸ್ತ್ರಕ್ಕೆ ಮುತ್ತೈದೆಯರು ಬಟ್ಟಲು ಹಿಡಿದು ನಿಂತಾಗ ಮಗಳು ಹಸೆಮಣೆಯಿಂದ ಎದ್ದು ನೇರವಾಗಿ ಒಳಗೆ ಹೋಗಿ, ಸೋದರತ್ತೆಯ ಕೈ ಹಿಡಿದು ಕರೆತಂದಳು. ಯಾರೋ ಒಬ್ಬರು ಕೆಮ್ಮಿದರು. ಸುಣ್ಣ ತಿಂದು ಬಿರಿದು, ಕೊಬ್ಬರಿ ಎಣ್ಣೆ ಸವರಿಕೊಂಡಿದ್ದ ಆ ಅಂಗೈಗಳನ್ನು ಮಗಳು ತಾನೇ ತನ್ನ ಎರಡು ಕೆನ್ನೆಗೆ ಒತ್ತಿಕೊಂಡಳು. ಬೀಗಿತಿಯವರು ಅರಿಶಿನದ ಬಟ್ಟಲನ್ನು ಮೊದಲು ಅಕ್ಕನ ಮುಂದಕ್ಕೆ ಹಿಡಿದರು. ನನ್ನ ಹೆಂಡತಿ ಸೋಬಾನೆ ಎತ್ತಿದಳು. ಕೆಮ್ಮಿದವರೂ ಎರಡನೆಯ ಸಾಲಿಗೆ ದನಿಗೂಡಿಸಿದರು ಎಂದು ನನ್ನ ನೆನಪು. ಅಕ್ಕ, ನಿನಗೆ ಕೃತಜ್ಞತೆ ಎಂಬ ಪದ ಬರೆದರೆ ನೀನು ನಗುತ್ತೀಯೆ. ಬರೆಯದೆ ಇರಲಾರೆ.

ನಮ್ಮದು ಪೂರ್ತಿ ಪರಿಸರಸ್ನೇಹಿ ಮದುವೆ ಎಂದು ನಿಮ್ಮಲ್ಲಿ ಕೆಲವರು ಹೊಗಳುತ್ತಿರುವುದರಿಂದ ಲೆಕ್ಕವನ್ನೂ ಒಪ್ಪಿಸಬೇಕು. ಬಾಳೆಎಲೆ, ದಿಂಡು, ಹೂ, ಗರಿಗಳೆಲ್ಲ ದನಗಳಿಗೂ ತಿಪ್ಪೆಗೂ ಹೋದವು. ತಿಪ್ಪೆಗೆ ಹಾಕಲಾಗದ್ದು ಒಂದು ಗೋಣಿಚೀಲದಷ್ಟು ಉಳಿಯಿತು: ಹಾಲಿನ ಪೊಟ್ಟಣಗಳು, ಉಡುಗೊರೆಗೆ ಸುತ್ತಿದ ಮಿರುಗುವ ಕಾಗದ, ಮತ್ತು ಹಿತೈಷಿಯೊಬ್ಬರು ಯಾರಿಗೂ ಹೇಳದೆ ತರಿಸಿದ 200 ಐಸ್‌ಕ್ರೀಂ ಕಪ್ಪುಗಳು. ಪ್ರೀತಿಯಿಂದ ತಂದದ್ದನ್ನು ಹಿಂದಕ್ಕೆ ಕಳಿಸಲಾಗಲಿಲ್ಲ, ನಾನೂ ಒಂದು ತಿಂದೆ. ಮೈಸೂರಿನಿಂದ ಬಂದ ಬಸ್ಸುಗಳ ಡೀಸೆಲ್ಲು ಬೇರೆ ಲೆಕ್ಕ. ಚಪ್ಪರದ ಬಟ್ಟೆಯನ್ನು ಅಕ್ಕ ಈಗ ಕೌದಿಯಾಗಿ ಹೊಲಿಯುತ್ತಿದ್ದಾಳೆ. ಕೈಯ ಬಿರುಕು ಮಾಯ್ದಿದೆ.

ಎರವಲು ತಂದ ಪಾತ್ರೆಗಳಲ್ಲಿ ಒಂದು ಹಿತ್ತಾಳೆಯ ಚೊಂಬು ಮಾತ್ರ ಯಾರದೆಂದು ತಿಳಿಯದೆ ನಮ್ಮಲ್ಲೇ ಉಳಿದಿದೆ. ಅದರ ಕಂಠದ ಮೇಲೆ "ಪು" ಎಂಬ ಒಂದಕ್ಷರವೂ 1958 ಎಂಬ ಇಸವಿಯೂ ಕೊರೆದಿವೆ. ಬರಿದು ಪಾತ್ರೆ ಹಿಂದಿರುಗಿಸಬಾರದೆಂದು ಅಕ್ಕ ಅದರ ತುಂಬ ಆಲೆಮನೆಯ ಹೊಸ ಬೆಲ್ಲ ತುಂಬಿಟ್ಟಿದ್ದಾಳೆ. ಯಾರದೋ ಅವರು ದಯವಿಟ್ಟು ಇರುವೆ ಮುತ್ತುವ ಮುಂಚೆ ಬಂದು ತೆಗೆದುಕೊಂಡು ಹೋಗಬೇಕಾಗಿ ವಿನಂತಿ.