ವೈರಮುಡಿ ಲೈವ್ ದೇವಸ್ಥಾನದ ಕಡೆಯಿಂದಲೇ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ಮೇಲುಕೋಟೆಲಿ ಸ್ವಾಮಿಗೆ ವಜ್ರದ ಕಿರೀಟ ಮುಡಿಸೋ ವೈರಮುಡಿ ಉತ್ಸವನ ಫೋನಲ್ಲಿ ನೋಡಿದ್ರೆ ಅದು ದರ್ಶನನೇ ಅಲ್ಲ ಅಂತ ಕೆಲವ್ರು ವಾದ ಮಾಡ್ತಾರೆ, ನಾನಂತೂ ಒಪ್ಪಲ್ಲ. ಉತ್ಸವಮೂರ್ತಿ ಬೀದಿಗೆ ಬರೋದೇ ಗರ್ಭಗುಡಿವರೆಗೂ ಹೋಗಕ್ಕಾಗದೆ ಇರೋರಿಗೂ ಸ್ವಾಮಿ ಕಾಣ್ಲಿ ಅಂತ ತಾನೆ? ಮಂಡಿ ನೋವಿರೋ ನಮ್ಮಮ್ಮನಿಗೆ ಈಗ ಆ ಬೀದಿನೂ ದೂರ, ರಾತ್ರಿ ಹೊತ್ತು ಅಷ್ಟು ಜನದ ನೂಕಾಟದಲ್ಲಿ ಅವರನ್ನ ಎಲ್ಲಿ ಅಂತ ನಿಲ್ಸೋದು. ಅವರು ಸ್ನಾನ ಮಾಡಿ ಫೋನನ್ನ ಮಣೆ ಮೇಲಿಟ್ಟು ಚೆಲುವನಾರಾಯಣಸ್ವಾಮಿಗೆ ಕೈ ಮುಗಿತಾರೆ, ಕಣ್ಣಲ್ಲಿ ನೀರು ಬರುತ್ತೆ.

ನನ್ನ ಬೇಜಾರು ಬೇರೆ. ವೈರಮುಡಿ ಲೈವ್ ಅಂತ ಹುಡುಕಿದ್ರೆ ಹತ್ತಾರು ಬರುತ್ತೆ, ದೇವಸ್ಥಾನದ್ದು ಯಾವ್ದು ಅಂತ ವಯಸ್ಸಾದೋರಿಗೆ ಹೇಗೆ ಗೊತ್ತಾಗ್ಬೇಕು, ಕೆಲವ್ರು ಹಳೇ ವಿಡಿಯೋನೇ ಲೈವ್ ಅಂತ ಹಾಕಿರ್ತಾರೆ, ಸ್ವಾಮಿ ಗರುಡನ ಮೇಲೆ ಆಚೆ ಬರೋ ಹೊತ್ತಿಗೆ ಸರಿಯಾಗಿ ಜಾಹೀರಾತು, ನಾದಸ್ವರ ಕೇಳಿಸದ ಹಾಗೆ ಮೇಲೊಂದು ಸಿನಿಮಾ ಮ್ಯೂಸಿಕ್ಕು. ಆ ಕಿರೀಟಕ್ಕೆ ಎಷ್ಟು ಕಟ್ಟುಪಾಡಿದೆ! ಇಲ್ಲೇ ಮಂಡ್ಯ ಖಜಾನೆಯಿಂದ ಪೊಲೀಸ್ ಕಾವಲಲ್ಲಿ ಹೊರಡುತ್ತೆ, ದಾರಿಲಿ ಹಳ್ಳಿ ಹಳ್ಳಿನಲ್ಲೂ ಪೂಜೆ ಆಗುತ್ತೆ, ಹಗಲು ಬೆಳಕು ಬೀಳ್ಬಾರ್ದು ಅಂತ ರಾತ್ರಿನೇ ಮುಡಿಸ್ತಾರೆ. ಇಷ್ಟು ಜೋಪಾನ ಮಾಡೋರು ಅದು ಪರದೆ ಮೇಲೆ ಹೇಗೆ ಕಾಣುತ್ತೆ ಅನ್ನೋದನ್ನ ಯಾರ್ಯಾರ ಕೈಗೋ ಬಿಡೋದಾ?

ಹಂಗೆ ಬಿಟ್ಟರೆ ಏನಾಗುತ್ತೆ ಅಂತ ಅಯೋಧ್ಯೆ ಬಾಲರಾಮನ ವಿಷಯದಲ್ಲಿ ನೋಡಿದ್ವಿ. ನಮ್ಮ ಎಚ್.ಡಿ. ಕೋಟೆ ಕಡೆ ಕಲ್ಲು, ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಅವ್ರ ಕೈಕೆಲಸ, 51 ಇಂಚಿನ ವಿಗ್ರಹ, ಎಷ್ಟು ಹೆಮ್ಮೆ ಪಟ್ಟಿದ್ವಿ. 2024ರ ಜನವರಿ 22ಕ್ಕೆ ಪ್ರಾಣಪ್ರತಿಷ್ಠೆ, ಅಲ್ಲಿವರೆಗೂ ವಿಗ್ರಹದ ಕಣ್ಣು ಮುಚ್ಚಿರ್ಬೇಕು, ಆದ್ರೆ ಅದಕ್ಕೆ ಮುಂಚೆನೇ ಕಣ್ಣಿಗೆ ಬಟ್ಟೆ ಇಲ್ಲದ ಫೋಟೋ ಎಲ್ಲರ ವಾಟ್ಸಾಪಲ್ಲಿ, ಅಯೋಧ್ಯೆ ಅರ್ಚಕರೇ ಇದು ತನಿಖೆ ಆಗ್ಬೇಕು ಅಂದಿದ್ರು. ಆಮೇಲೆ ವಿಗ್ರಹ ಕಣ್ಣು ಮಿಟುಕಿಸೋ ಎಐ ವಿಡಿಯೋ ಬಂತು, ಅಮ್ಮ ಅದನ್ನ ನಿಜ ಅಂತಲೇ ನಂಬಿದ್ರು. ನಂಬೋ ಮನಸ್ಸನ್ನ ಹೀಗೆ ಆಟಕ್ಕೆ ಇಟ್ಕೋಬಾರ್ದು.

ಎಲ್ಲಾನೂ ತೋರಿಸಿ ಅಂತಲೂ ನಾನು ಕೇಳ್ತಿಲ್ಲ. ತಿರುಪತಿಯವ್ರದ್ದೇ ಚಾನೆಲ್ 2008ರಿಂದ ಇದೆ, ಸೇವೆ ಉತ್ಸವ ಎಲ್ಲಾ ತೋರಿಸ್ತಾರೆ, ಗರ್ಭಗುಡಿ ಮೂಲಮೂರ್ತಿನ ಮಾತ್ರ ತೋರಿಸಲ್ಲ. ಅದೇ ಸರಿ. ಮುಜರಾಯಿ ಇಲಾಖೆ ಮತ್ತು ಜಿಲ್ಲಾಡಳಿತ ಉತ್ಸವಕ್ಕೆ ಮುಂಚೆ ಪೂರ್ವಭಾವಿ ಸಭೆ ಮಾಡ್ತಾರಲ್ಲ, ಅಲ್ಲೇ ಇದನ್ನೂ ತೀರ್ಮಾನ ಮಾಡ್ಲಿ. ದೇವಸ್ಥಾನದ ಹೆಸರಲ್ಲಿ ಒಂದೇ ಲೈವು, ಬೀದಿಲಿ ಅಲ್ಲಾಡದ ಒಂದು ಕ್ಯಾಮೆರಾ, ನಾದಸ್ವರ ಮತ್ತು ಪಾರಾಯಣದ ಶಬ್ದ ಇದ್ದ ಹಾಗೇ ಬರ್ಲಿ, ಜಾಹೀರಾತು ಬೇಡ. ಅದರ ಲಿಂಕನ್ನ ನಿಮ್ಮ ಪತ್ರಿಕೆಲೂ ಹಿಂದಿನ ದಿನವೇ ಹಾಕಿದ್ರೆ ನಮ್ಮಂಥ ಮನೆಗಳಿಗೆ ಉಪಕಾರ ಆಗುತ್ತೆ.

ನಿಮ್ಮ ಓದುಗ,
ಸುಭಾಷ್‌ನಗರ, ಮಂಡ್ಯ